ಕ್ಯಾಮೆರಾದ ಕಣ್ಣಿಗೆ ದೃಷ್ಟಿಬೊಟ್ಟು

ಪ್ರತಿಯೊಬ್ಬ ಗಂಡಸಿಗೂ ಮನೆಯವರು ಹಲ್ಲುಕಚ್ಚಿ ಸಹಿಸಿಕೊಂಡು ಹೋಗುವ ಒಂದು ಹುಚ್ಚು ಇದ್ದೇ ಇರುತ್ತದೆ. ಕೆಲವರದು ಇಸ್ಪೀಟು, ಕೆಲವರದು ರಾಜಕೀಯ, ಇನ್ನು ಕೆಲವರು ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಪರಿಚಯದವರಿಗೆಲ್ಲ ವಾಟ್ಸಾಪಿನಲ್ಲಿ ಗುಲಾಬಿ ಹೂ ಕಳಿಸುತ್ತಾರೆ. ಇವೆಲ್ಲ ಸಮಾಜ ಒಪ್ಪಿಕೊಂಡ ಹುಚ್ಚುಗಳು. ನನ್ನದು ಅಂಥದ್ದಲ್ಲ. ನಾನು ಹೊಲದಲ್ಲಿ ಕೆಲಸ ಮಾಡುತ್ತಿರುವ ಅಪರೂಪದ ಯಂತ್ರಗಳ ಫೋಟೋ ತೆಗೆಯುತ್ತೇನೆ. ಕೆಲಸ ಮಾಡುತ್ತಿರಬೇಕು, ಅದು ಮುಖ್ಯ. ನಿಂತ ಯಂತ್ರದ ಚಿತ್ರ ಬೇಕಾದರೆ ಗೊಬ್ಬರದಂಗಡಿಯವರು ಕೊಡುವ ಕ್ಯಾಲೆಂಡರಿನಲ್ಲೇ ಸಿಗುತ್ತದೆ. ಧೂಳೆಬ್ಬಿಸುತ್ತ, ಹೊಟ್ಟು ಹಾರಿಸುತ್ತ, ಹೊಗೆ ಕಾರುತ್ತ, ತನ್ನ ಪಾಡಿಗೆ ತಾನು ದುಡಿಯುತ್ತಿರುವ ಯಂತ್ರ ಕಣ್ಣಿಗೆ ಬಿದ್ದರೆ ನನ್ನ ಬೈಕು ತಾನಾಗಿಯೇ ರಸ್ತೆ ಬಿಟ್ಟು ಹೊಲಕ್ಕೆ ಇಳಿಯುತ್ತದೆ.

ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು. ಸನ್ನೆ, ರಾಟೆ, ಘರ್ಷಣೆ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಗೀಚಿದವನಿಗೆ, ಅವೇ ಸನ್ನೆ ರಾಟೆಗಳು ಬಿಸಿಲಿನಲ್ಲಿ ಮೈಮುರಿದು ದುಡಿಯುವುದನ್ನು ನೋಡುವ ಆಸೆ ಹುಟ್ಟಿದರೆ ತಪ್ಪೇನು ಎಂಬುದು ನನ್ನ ವಾದ. ನನ್ನ ಹೆಂಡತಿ ಗಿರಿಜಾ ಈ ವಾದವನ್ನು ಒಪ್ಪುವುದಿಲ್ಲ. “ಮಂದಿ ಹಂಪಿಗೆ ಹೋಗಿ ಹೆಂಡ್ತೀನ ಕಂಬದ ಬಾಜೂಕ ನಿಲ್ಲಿಸಿ ಫೋಟೋ ತೆಗೀತಾರ. ನೀವು ನನ್ನ ರಸ್ತಿ ಬದೀಗೆ ನಿಲ್ಲಿಸಿ ಹೋಗಿ ಸಜ್ಜಿ ರಾಶಿ ಮಾಡೋ ಮಿಷನ್ನಿನ ಫೋಟೋ ತೆಗೀತೀರಿ” ಎನ್ನುತ್ತಾಳೆ. ಅವಳ ಸಿಟ್ಟಿಗೆ ಕಾರಣವಿದೆ. ಅವಳ ತಂಗಿಯ ಮದುವೆ ಹರಪನಹಳ್ಳಿಯಲ್ಲಿ ಆದಾಗ, ಬಾಡಿಗೆ ಫೋಟೋದವನು ಯಾಕೆ, ಮನೆಯಲ್ಲೇ ಕ್ಯಾಮೆರಾ ಇರುವ ಅಳಿಯ ಇದ್ದಾನಲ್ಲ ಎಂದು ಆ ಕೆಲಸವನ್ನು ನನಗೇ ವಹಿಸಿದ್ದರು. ಕಲ್ಯಾಣಮಂಟಪದ ಹಿಂದಿನ ಹೊಲದಲ್ಲಿ ಆ ಹೊತ್ತಿಗೇ ಯಾರೋ ಮೆಕ್ಕೆಜೋಳ ಒಕ್ಕಲು ಶುರುಮಾಡಬೇಕೆ? ಅದೂ ಎಲ್ಲಿಯೂ ಕಾಣದಂಥ, ಲಾರಿಯ ಗೇರ್‌ಬಾಕ್ಸು ಹಾಕಿ ಊರಿನವರೇ ಕಟ್ಟಿಕೊಂಡ ಯಂತ್ರ. ನಾನು ಒಂದೇ ಒಂದು ಫೋಟೋ ತೆಗೆದು ಬಂದುಬಿಡೋಣ ಎಂದು ಹೋದೆ. ಆ ಮದುವೆಯ ಆಲ್ಬಮ್ಮಿನಲ್ಲಿ ಮದುಮಗಳು ಬರುತ್ತಾಳೆ, ಕೂರುತ್ತಾಳೆ, ಆಮೇಲೆ ಪುಟಗಟ್ಟಲೆ ಮೆಕ್ಕೆಜೋಳ, ಆಮೇಲೆ ಒಮ್ಮೆಲೇ ಊಟದ ಪಂಕ್ತಿ. ತಾಳಿ ಕಟ್ಟಿದ್ದಕ್ಕೆ ಇವತ್ತಿಗೂ ಪುರಾವೆಯಿಲ್ಲ. ನನ್ನ ನಾದಿನಿ ತನ್ನ ಮಕ್ಕಳಿಗೆ ನನ್ನನ್ನು ತೋರಿಸಿ “ಇವ್ರ ನೋಡ್ರಿ, ಮೆಕ್ಕಿಜೋಳದ ದೊಡ್ಡಪ್ಪ” ಎಂದೇ ಪರಿಚಯ ಮಾಡಿಸುತ್ತಾಳೆ.

ನಮ್ಮ ಈ ಕಡೆಯ ಐದು ತಾಲ್ಲೂಕುಗಳಲ್ಲಿ ಯಂತ್ರಗಳಿಗೇನೂ ಬರವಿಲ್ಲ. ಕಂಪನಿಯಿಂದ ಬಂದದ್ದನ್ನು ಬಂದ ಹಾಗೆಯೇ ಬಳಸುವುದು ನಮ್ಮವರ ಜಾಯಮಾನವೂ ಅಲ್ಲ. ಕೊಟ್ಟೂರಿನ ಬಳಿ ಒಬ್ಬರು ಹಳೆಯ ಮೋಟರ್‌ಸೈಕಲ್ಲಿನ ಹಿಂದಿನ ಚಕ್ರ ಕಿತ್ತು, ಎರಡು ಕಬ್ಬಿಣದ ಗಾಲಿ ಹಾಕಿ, ಹಿಂದೆ ಎಡೆಕುಂಟೆ ಕಟ್ಟಿ, ಸಾಲಿನ ನಡುವಿನ ಕಳೆ ತೆಗೆಯುತ್ತಾರೆ. ಆ ಸಾಲಿನಿಂದ ಈ ಸಾಲಿಗೆ ತಿರುಗುವಾಗ ತಪ್ಪದೆ ಇಂಡಿಕೇಟರ್ ಹಾಕುತ್ತಾರೆ. ಹೊಲದಲ್ಲಿ ಇನ್ಯಾರಿದ್ದಾರೆ ಎಂದು ಕೇಳಿದರೆ “ರೂಢಿ ಬಿದ್ದೈತ್ರಿ” ಎಂದರು. ಕೂಡ್ಲಿಗಿ ಕಡೆ ಈರುಳ್ಳಿಯನ್ನು ದಪ್ಪ ಸಣ್ಣ ಎಂದು ಬೇರೆ ಮಾಡುವ ಉರುಳು ಜರಡಿ ನೋಡಿದ್ದೇನೆ. ಅದಕ್ಕೆ ಸೈಕಲ್ಲಿನ ಚೈನು, ಹೊಲಿಗೆ ಮಷಿನ್ನಿನ ಗಾಲಿ, ಕಿಟಕಿಯ ಸರಳು. ಹಂಪಸಾಗರದ ಕಡೆ ಭತ್ತದ ಗದ್ದೆಗೆ ಕೊಯ್ಲಿನ ದೊಡ್ಡ ಯಂತ್ರ ಇಳಿಯುತ್ತದೆ. ಅದರ ಹಿಂದೆ ಕೊಕ್ಕರೆಗಳು ಪುಢಾರಿಯ ಹಿಂಬಾಲಕರ ಹಾಗೆ ಸಾಲಾಗಿ ನಡೆಯುತ್ತವೆ.

ಇವುಗಳ ಫೋಟೋ ತೆಗೆಯುವುದರಲ್ಲಿ ಮೊದಲ ತೊಂದರೆ ಏನೆಂದರೆ ನಮ್ಮ ಜನರ ಸಂಭಾವಿತತನ. ಕ್ಯಾಮೆರಾ ಕಂಡ ತಕ್ಷಣ ಯಂತ್ರ ನಿಲ್ಲಿಸುತ್ತಾರೆ. “ತಡೀರಿ ಸರ, ಹಿಂಗ ಹೊಲಸ ಇದ್ದಾಗ ತೆಗೀಬ್ಯಾಡ್ರಿ” ಎಂದು ಯಂತ್ರಕ್ಕೆ ನೀರು ಸುರಿದು ತೊಳೆಯುತ್ತಾರೆ. ವಿಭೂತಿ ಬಳಿಯುತ್ತಾರೆ. ಯಾರೋ ಒಬ್ಬರು ಮನೆಗೆ ಓಡಿ ಹೊಸ ಟವೆಲ್ ತರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಯಂತ್ರದ ಮುಂದೆ ಎದೆಯುಬ್ಬಿಸಿ ನಿಲ್ಲುತ್ತಾರೆ. ಯಂತ್ರ ಪೂರ್ತಿ ಮುಚ್ಚಿಹೋಗುತ್ತದೆ. ನನ್ನ ಮೊದಲ ವರ್ಷದ ಸಂಗ್ರಹವೆಲ್ಲ ಇಂಥ ಕುಟುಂಬದ ಫೋಟೋಗಳೇ. ಆಮೇಲೆ ನಾನು ಉಪಾಯ ಕಲಿತೆ. ಮೊದಲು ಮನೆಯವರ ಫೋಟೋ ತೆಗೆದುಬಿಡುವುದು, ಚಹಾ ಕುಡಿಯುವುದು, ಹೊರಟಂತೆ ಮಾಡುವುದು, ಅವರು ಯಂತ್ರ ಚಾಲೂ ಮಾಡಿದ ಮೇಲೆ ಬೇಲಿಯ ಹಿಂದಿನಿಂದ ಕ್ಲಿಕ್ಕಿಸುವುದು. ಉಪಾಯ ಚೆನ್ನಾಗಿಯೇ ಫಲಿಸಿತು. ಆದರೆ ಅಲ್ಲಿಂದಲೇ ಎರಡನೆಯ ಮತ್ತು ನಿಜವಾದ ತೊಂದರೆ ಶುರುವಾಯಿತು. ನಾನು ಫೋಟೋ ತೆಗೆದ ಯಂತ್ರಗಳು ಕೆಡತೊಡಗಿದವು.

ಮೊದಲು ಹಂಪಸಾಗರದ ಕೊಯ್ಲಿನ ಯಂತ್ರ. ನಾನು ಬಟನ್ ಒತ್ತಿದೆ, ಒಳಗೆಲ್ಲೋ ಸರಪಳಿ ಕಡಿದು ಯಂತ್ರ ಗದ್ದೆಯ ನಡುವೆ ಕುಳಿತುಬಿಟ್ಟಿತು. ಕಾಕತಾಳೀಯ ಎಂದುಕೊಂಡೆ. ಆಮೇಲೆ ಕೂಡ್ಲಿಗಿಯ ಈರುಳ್ಳಿ ಜರಡಿ. ಫೋಟೋ ತೆಗೆದು ಕ್ಯಾಮೆರಾ ಕೆಳಗಿಳಿಸುವಷ್ಟರಲ್ಲಿ ಹೊಲಿಗೆ ಮಷಿನ್ನಿನ ಗಾಲಿ ಕಳಚಿ ಉರುಳಿಕೊಂಡು ಹೋಗಿ ಪಕ್ಕದ ಹೊಲದವರ ಎಮ್ಮೆಗೆ ಬಡಿಯಿತು. ಕೊಟ್ಟೂರಿನ ಮೋಟರ್‌ಸೈಕಲ್ ಎಡೆಕುಂಟೆಯಂತೂ ನನ್ನ ಕಣ್ಣೆದುರೇ ಇಂಡಿಕೇಟರ್ ಹಾಕಿಕೊಂಡೇ ಪ್ರಾಣ ಬಿಟ್ಟಿತು. ನಾನು ಭೌತಶಾಸ್ತ್ರದ ಮೇಷ್ಟ್ರು. ಇದಕ್ಕೆಲ್ಲ ನನ್ನ ಹತ್ತಿರ ಉತ್ತರವಿತ್ತು. ನಾನು ತೆಗೆಯುವುದು ಅಪರೂಪದ ಯಂತ್ರಗಳ ಫೋಟೋ. ಅಪರೂಪದ್ದು ಎಂದರೆ ಹಳೆಯದು. ಹಳೆಯದು ಎಂದರೆ ಇಂದೋ ನಾಳೆಯೋ ಕೆಡುವಂಥದ್ದು. ಕೆಡುವ ಹೊತ್ತಿಗೆ ನಾನು ಪಕ್ಕದಲ್ಲಿದ್ದರೆ ಅದರಲ್ಲಿ ನನ್ನ ಪಾತ್ರವೇನು? ಈ ಸಿದ್ಧಾಂತವನ್ನು ನಾನು ಸ್ಟಾಫ್‌ರೂಮಿನಲ್ಲಿ ಬಿಡಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಮರುದಿನ ಗಣಿತದ ಮೇಷ್ಟ್ರು ತಮ್ಮ ಹೊಸ ಕಾರನ್ನು ನನ್ನ ಬೈಕಿನ ಪಕ್ಕದಿಂದ ತೆಗೆದು ಗೇಟಿನ ಆಚೆ ನಿಲ್ಲಿಸಿದ್ದರು.

ನಮ್ಮ ಕಡೆ ಸುದ್ದಿ ಹರಡುವುದಕ್ಕೆ ಪತ್ರಿಕೆ ಬೇಕಿಲ್ಲ, ಒಂದು ಸಂತೆ ಸಾಕು. ‘ಬೊಮ್ಮನಹಳ್ಳಿ ಮಾಸ್ತರರ ಕಣ್ಣು ಭಾಳ ಕೆಟ್ಟದ್ದು, ಅವರ ಕ್ಯಾಮೆರಾದ ಕಣ್ಣು ಅದಕ್ಕಿಂತ ಕೆಟ್ಟದ್ದು’ ಎಂಬ ಮಾತು ಹಡಗಲಿಯ ತನಕ ಮುಟ್ಟಿತು. ನಾನು ಹೋದರೆ ಯಂತ್ರದ ಮೇಲೆ ಗೋಣಿತಟ್ಟು ಹೊದಿಸುವವರು ಹುಟ್ಟಿಕೊಂಡರು. ಮೈಲಾರದ ಬಳಿ ಒಬ್ಬರು ಕೈಮುಗಿದು, “ಸರ, ನೀವು ಬಂದದ್ದು ಭಾಳ ಸಂತೋಷ. ಊಟ ಮಾಡ್ರಿ, ಹಾಲು ಕುಡೀರಿ, ಆದ್ರ ಮಿಷನ್ನಿನ ಕಡೆ ಬೆನ್ನು ಮಾಡಿ ಕುಂದರ್ರಿ” ಎಂದರು. ಬಸ್‌ಸ್ಟ್ಯಾಂಡಿನ ಬಳಿ ಮಿರ್ಚಿ ಕರಿಯುವವನು, ನಾನು ಬಾಣಲೆಯ ಕಡೆ ನೋಡಿದಾಗ ಗ್ಯಾಸ್ ಮುಗಿದದ್ದನ್ನು ನೆನಪಿಟ್ಟುಕೊಂಡು, ಈಗ ನಾನು ದೂರದಲ್ಲಿ ಕಂಡರೂ ಪೊಟ್ಟಣ ಕಟ್ಟಿ ಕೈಯಲ್ಲಿ ಹಿಡಿದು ಎದುರಿಗೇ ಬರುತ್ತಾನೆ. ಇದೊಂದು ಲಾಭ ಎನ್ನಬಹುದು.

ಆದರೆ ನನಗೆ ನಿಜವಾಗಿ ನೋವಾದದ್ದು ಹರಪನಹಳ್ಳಿಯಿಂದ ಬಂದ ಒಂದು ಫೋನಿನಿಂದ. ಯಾರೋ ಅಪರಿಚಿತರು, ಬಲು ವಿನಯದ ಧ್ವನಿ. “ನಮಸ್ಕಾರ ಸಾರ್. ನಮ್ಮೂರಿಗೆ ಒಂದು ಹೊಸ ರಾಶಿ ಮಿಷನ್ ಬಂದೈತೆ, ನೀವು ಬಂದು ಒಳ್ಳೆ ಫೋಟೋ ತೆಗೀಬೇಕು” ಎಂದರು. ಅಂತೂ ಒಬ್ಬರಾದರೂ ಕರೆದರಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. “ಖಂಡಿತ ಬರ್ತೇನೆ. ನಿಮ್ಮ ಮಿಷನ್ ಯಾವ ಥರದ್ದು?” ಎಂದು ಕೇಳಿದೆ. “ನಮ್ದಲ್ಲ ಸಾರ್, ಪಕ್ಕದ ಮನೆಯೋರ್ದು. ನೀವು ಊಟಕ್ಕೆ ನಮ್ಮ ಮನೆಗೇ ಬಂದ್ಬಿಡಿ, ನಮ್ಮ ಮಾಳಿಗಿ ಮೇಲಿಂದ ಚೆನ್ನಾಗಿ ಕಾಣ್ತೈತೆ” ಎಂದರು. ಹೀಗೆ ಕರೆದವರು ಅವರೊಬ್ಬರೇ ಅಲ್ಲ. ಒಂದು ಹಂತದಲ್ಲಿ ನಾನು ಯಾರ ಊರಿಗೆ ಹೋದರೂ, ಯಾರು ಕಳಿಸಿದರು ಎಂದು ಅನುಮಾನಪಡುವಂತಾಯಿತು. ನಾನು ಕ್ಯಾಮೆರಾವನ್ನು ಬೀರುವಿನಲ್ಲಿ ಇಟ್ಟು, ಭಾನುವಾರಗಳಂದು ಮನೆಯಲ್ಲೇ ಕುಳಿತೆ. ಗಿರಿಜಾಗೆ ಎರಡು ವಾರ ಸಂತೋಷವಾಯಿತು. ಮೂರನೆಯ ವಾರ ಅವಳೇ ಹೇಳಿದಳು: “ಎಲ್ಲಿಗೆರ ಹೋಗ್ರಿ. ಮನ್ಯಾಗ ಕುಂತು ನನ್ನ ಮಿಕ್ಸಿ ಕಡೆ ನೋಡಬ್ಯಾಡ್ರಿ.”

ಹೀಗೆ ನಾನು ಬೀರುವಿನಲ್ಲಿಟ್ಟ ಕ್ಯಾಮೆರಾವನ್ನು ಮತ್ತೆ ಹೊರತೆಗೆಯುವಂತೆ ಮಾಡಿದ್ದು ಗಿರಿಜಾಳ ದೊಡ್ಡವ್ವ ಕೊಟ್ರಮ್ಮನವರ ಶೇಂಗಾ ಸುಲಿಯುವ ಯಂತ್ರ. ದೊಡ್ಡವ್ವ ಎಂದರೆ ನನ್ನ ಅತ್ತೆಯ ಅಕ್ಕ. ಉಜ್ಜಿನಿಯ ಆಚೆಗಿನ ಒಂದು ಸಣ್ಣ ಹಳ್ಳಿಯಲ್ಲಿ ಮಗ ಮರುಳಪ್ಪನ ಜೊತೆ ಇದ್ದಾರೆ. ಅವರ ಕೊಟ್ಟಿಗೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದು ಎಣ್ಣೆ ಇಂಜಿನ್ ಇದೆ. ಎರಡು ಕಡೆ ಗಾಡಿಯ ಗಾಲಿಯಂಥ ಭಾರದ ಚಕ್ರ, ತಣ್ಣಗಿಡಲು ಪಕ್ಕದಲ್ಲಿ ಒಂದು ಡ್ರಮ್ಮು ನೀರು, ಕೈಯಿಂದ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕು. ಅದರಿಂದ ಉದ್ದನೆಯ ಬೆಲ್ಟು ಹೋಗಿ ಮರದ ಪೆಟ್ಟಿಗೆಯಂಥ ಸುಲಿಯುವ ಯಂತ್ರವನ್ನು ತಿರುಗಿಸುತ್ತದೆ. ಮೇಲಿನಿಂದ ಶೇಂಗಾ ಸುರಿದರೆ ಕೆಳಗೆ ಕಾಳು, ಹಿಂದೆ ಸಿಪ್ಪೆಯ ಮಳೆ. ಮೃಗಶಿರ ಮಳೆ ಬಿದ್ದು ಬಿತ್ತನೆಗೆ ಬೀಜ ಬೇಕಾದಾಗ ವರ್ಷಕ್ಕೊಮ್ಮೆ ಅದು ಓಡುತ್ತದೆ. ಹೊಸ ಕರೆಂಟಿನ ಯಂತ್ರಗಳು ಕಾಳನ್ನು ಎರಡು ಹೋಳು ಮಾಡುತ್ತವೆ, ಇದು ಮಾಡುವುದಿಲ್ಲ ಎಂಬ ಹೆಸರಿತ್ತು. ಹಾಗಾಗಿ ಊರಿನವರೆಲ್ಲ ಬಿತ್ತನೆ ಬೀಜಕ್ಕೆ ಇಲ್ಲಿಗೇ ಬರುತ್ತಿದ್ದರು.

ದೊಡ್ಡವ್ವ ಆ ಯಂತ್ರವನ್ನು ಕರೆಯುವುದು ‘ಸವತಿ’ ಎಂದು. ತಮಾಷೆಗಲ್ಲ, ಅದೇ ಅದರ ಹೆಸರು. ದಿವಂಗತ ದೊಡ್ಡಪ್ಪ ಮದುವೆಯಾದ ವರ್ಷವೇ ಅದನ್ನು ದಾವಣಗೆರೆಯಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದರಂತೆ. “ಕೈಹಿಡಿದಾಕಿ ನಾನು ಒಳಗ ಕುಂತಿದ್ದೆ. ನಿಮ್ಮ ದೊಡ್ಡಪ್ಪ ಆಕಿಗೆ ಎಣ್ಣಿ ಹಚ್ಚೋದೇನು, ಅರಿವಿ ತಗೊಂಡು ಮೈ ಒರಸೋದೇನು! ನನ್ನ ತೆಲಿಗೆ ಒಂದಿನಾನೂ ಎಣ್ಣಿ ಹಚ್ಚಲಿಲ್ಲ ಆ ಮನಶ್ಯಾ” ಎಂದು ಅವರು ಈಗಲೂ ಸಿಟ್ಟಿನಿಂದ ಹೇಳುತ್ತಾರೆ. ಹೀಗೆ ಹೇಳುತ್ತಲೇ ಸೆರಗಿನ ತುದಿಯಿಂದ ಸವತಿಯ ಚಕ್ರದ ಧೂಳು ಒರೆಸುತ್ತಾರೆ. ಶೆಡ್ಡಿನ ಕೀಲಿಕೈ ಅವರ ಸೊಂಟದಲ್ಲೇ ಇರುತ್ತದೆ. ದೊಡ್ಡಪ್ಪ ಹೋದ ಮೇಲೆ ಹಬ್ಬಕ್ಕೆ ಮನೆಯಲ್ಲಿ ಹೋಳಿಗೆ ಮಾಡಿದರೆ ಮೊದಲ ಹೋಳಿಗೆಯನ್ನು ಅದರ ಮುಂದೆ ಇಟ್ಟು ಬರುತ್ತಾರೆ. ನನಗೆ ಈ ದೊಡ್ಡವ್ವ ಎಂದರೆ ತುಂಬಾ ಇಷ್ಟ.

ಆ ವರ್ಷ ಮೇ ತಿಂಗಳಲ್ಲಿ ಮರುಳಪ್ಪ ಗಿರಿಜಾಗೆ ಫೋನ್ ಮಾಡಿ, “ಈ ಸಲ ಶೇಂಗಾ ಬಿತ್ತಿಗಿ ಮುಗಿದ್ ಕೂಡ್ಲೆ ಆ ಇಂಜಿನ್ನ ಗುಜರಿಗೆ ಹಾಕ್ತೀನವಾ. ಕರೆಂಟಿನ ಮಿಷನ್ ತರತೀನಿ, ಶೆಡ್ಡು ಖಾಲಿ ಬೇಕು. ಅವ್ವಗ ನೀನೊಮ್ಮೆ ಬಂದು ಸಮಾಧಾನ ಹೇಳು” ಎಂದ. ಸ್ಪೀಕರಿನಲ್ಲಿ ಇದನ್ನು ಕೇಳಿದ ನಾನು ಕುಳಿತಲ್ಲಿಂದ ಎದ್ದೆ. ಅಂಥ ಇಂಜಿನ್ನು ನಮ್ಮ ಐದು ತಾಲ್ಲೂಕಿನಲ್ಲಿ ಎಲ್ಲಿ ಹುಡುಕಿದರೂ ಇನ್ನೊಂದಿಲ್ಲ; ಹುಡುಕಿದವನು ನಾನೇ. ಈ ಜೂನ್ ತಪ್ಪಿದರೆ ಅದು ಓಡುವ ಫೋಟೋ ಈ ಲೋಕದಲ್ಲಿ ಯಾರಿಗೂ ಇಲ್ಲ. ನಾನು ಬೀರು ತೆಗೆದೆ. ಗಿರಿಜಾ ನನ್ನನ್ನೇ ದಿಟ್ಟಿಸಿ, “ನೋಡ್ರಿ, ಊರಾಗಿನ ಮಂದಿ ಬೀಜ ಎಲ್ಲಾ ಆ ಮಿಷನ್ನಿನ ಮ್ಯಾಲ ಐತಿ. ಅದು ನಿಮ್ಮ ಕಾಲಾಗ ಕೆಟ್ಟು ನಿಂತ್ರ ನನ್ನ ತವರುಮನಿ ಕಡೆ ನಾ ಮುಖ ತೋರ್ಸಂಗಿಲ್ಲ” ಎಂದಳು. ನಾನು ಅಪರೂಪ, ಹಳತು, ಸಂಭವನೀಯತೆ ಎಂದು ನನ್ನ ಸಿದ್ಧಾಂತ ಶುರು ಮಾಡಿದೆ. ಅವಳು ಮಿಕ್ಸಿ ಹಾಕಿದಳು.

ಜೂನಿನ ಒಂದು ಭಾನುವಾರ ನಾವು ಹೋದಾಗ ಶೆಡ್ಡಿನ ಮುಂದೆ ಶೇಂಗಾ ಚೀಲಗಳು ರಾಶಿ ಬಿದ್ದಿದ್ದವು. ಊರಿನ ಅರ್ಧ ಜನ ಅಲ್ಲೇ ಇದ್ದರು. ನನ್ನ ಹೆಗಲ ಮೇಲಿನ ಕ್ಯಾಮೆರಾ ಚೀಲ ಕಂಡದ್ದೇ ತಡ, ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬರು ತಮ್ಮ ಶೇಂಗಾ ಚೀಲದ ಮೇಲೆ ಟವೆಲ್ ಹಾಸಿ ಮುಚ್ಚಿದರು. ಶೇಂಗಾ ಹೇಗೆ ಕೆಡುತ್ತದೆಯೋ ನನಗೆ ತಿಳಿಯಲಿಲ್ಲ. ಮರುಳಪ್ಪ ಓಡಿ ಬಂದು ನನ್ನನ್ನು ತಬ್ಬಿಕೊಂಡ. ಪ್ರೀತಿಯಿಂದ ಎಂದುಕೊಂಡೆ, ಆದರೆ ತಬ್ಬಿಕೊಂಡೇ ನನ್ನನ್ನು ಶೆಡ್ಡಿಗೆ ಬೆನ್ನಾಗುವಂತೆ ತಿರುಗಿಸಿದ.

“ಮಾಮಾರ, ಬರ್ರಿ ಬರ್ರಿ. ಮನ್ಯಾಗ ಕುಂದರ್ರಿ, ಫ್ಯಾನ್ ಹಚ್ತೀನಿ.”

“ನಾನು ಫೋಟೋ...”

“ಅಯ್ಯ, ಅದಕೇನು! ಎಲ್ಲಾ ಮಂದೀದು ಸುಲಿದು ಮುಗೀಲಿ, ಇಂಜಿನ್ ಬಂದ್ ಮಾಡ್ತೀವಿ, ಆಮ್ಯಾಲ ಎಷ್ಟು ಬೇಕಾರ ತೆಗೀರಿ.”

“ಓಡುವಾಗಲೇ ತೆಗೀಬೇಕು ಮರುಳಪ್ಪ. ಬಂದ್ ಆದ ಮೇಲೆ ಏನು ತೆಗೆಯೋದು?”

ಮರುಳಪ್ಪ ಊರಿನವರ ಕಡೆ ನೋಡಿದ. ಊರಿನವರು ಆಕಾಶದ ಕಡೆ ನೋಡಿದರು. ಒಬ್ಬ ಹಿರಿಯರು, “ಸಾಹೇಬ್ರ ಮ್ಯಾಲ ನಮ್ದೇನೂ ಸಿಟ್ಟಿಲ್ರಿ. ಆದ್ರ ಆ ಹಂಪಸಾಗರದ್ದು... ಆ ಎಮ್ಮಿ ಸುದ್ದಿ...” ಎಂದು ಅರ್ಧಕ್ಕೆ ನಿಲ್ಲಿಸಿದರು. ಎಮ್ಮೆಗೆ ಏನೂ ಆಗಿರಲಿಲ್ಲ, ಆದರೆ ಕೂಡ್ಲಿಗಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಕತೆಯಲ್ಲಿ ಆ ಎಮ್ಮೆ ಸತ್ತು ಅದರ ಕರು ಅನಾಥವಾಗಿತ್ತು. ಸಿಪ್ಪೆಯ ರಾಶಿಯ ಮೇಲೆ ಕುಳಿತಿದ್ದ ದೊಡ್ಡವ್ವ ಎದ್ದು ಬಂದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಮನೆಗೆ ಬಂದ ಅಳಿಯ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವುದು ಅವರಿಂದಾಗದು. ಸವತಿಯನ್ನು ಕೊನೆಯ ಸಲ ಓಡುವಾಗ ನನ್ನ ಕಣ್ಣಿಗೆ ಒಪ್ಪಿಸುವುದೂ ಆಗದು. ಮೇಲಾಗಿ ಅವರಿಗೂ ಆಕೆಯದೊಂದು ಫೋಟೋ ಬೇಕಿತ್ತು. ಗೋಡೆಯ ಮೇಲೆ ದೊಡ್ಡಪ್ಪನ ಪಕ್ಕ ಹಾಕಲು ಜಾಗವನ್ನೂ ನೋಡಿ ಇಟ್ಟಿದ್ದರು. ಅವರು ನನ್ನ ಕ್ಯಾಮೆರಾದ ಕಡೆ ಬೆರಳು ತೋರಿಸಿ ಕೇಳಿದರು:

“ಅಳಿಯಾರ, ದಿಷ್ಟಿ ತಾಕೋದು ನಿಮ್ಮ ಕಣ್ಣಿಂದೋ, ಇದರ ಕಣ್ಣಿಂದೋ?”

ದೃಷ್ಟಿ ಎಂಬುದೇ ಇಲ್ಲ, ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆಯೇ ಹೊರತು ಕಣ್ಣಿನಿಂದ ಏನೂ ಹೊರಗೆ ಹೋಗುವುದಿಲ್ಲ ಎಂದು ನಾನು ಹೇಳಬೇಕಾಗಿತ್ತು. ವರ್ಷಾ ವರ್ಷ ಅದನ್ನೇ ಪಾಠ ಮಾಡಿದವನು ನಾನು. ಆದರೆ ಫೋಟೋದ ಆಸೆ ದೊಡ್ಡದು. “ಕ್ಯಾಮೆರಾದ್ದು ದೊಡ್ಡವ್ವ” ಎಂದು ತಪ್ಪೆಲ್ಲವನ್ನೂ ಆ ಬಡಪಾಯಿಯ ಮೇಲೆ ಹಾಕಿಬಿಟ್ಟೆ. “ಹಂಗಾರ ಸರಿ” ಎಂದು ದೊಡ್ಡವ್ವ ಒಳಗೆ ಹೋಗಿ ಒಂದು ಹಿತ್ತಾಳೆಯ ಡಬ್ಬಿ ತಂದರು. ಹರಳೆಣ್ಣೆ ದೀಪದ ಮಸಿಯಲ್ಲಿ ಮನೆಯಲ್ಲೇ ಮಾಡಿದ ಕಾಡಿಗೆ. ಊರಿನ ಕೂಸುಗಳ ಕೆನ್ನೆಗೆಲ್ಲ ಇದರಿಂದಲೇ ಬೊಟ್ಟು. ನಾನು ಏನು ನಡೆಯುತ್ತಿದೆ ಎಂದು ಗ್ರಹಿಸುವಷ್ಟರಲ್ಲಿ ಅವರು ಹೆಬ್ಬೆರಳನ್ನು ಡಬ್ಬಿಯಲ್ಲಿ ಅದ್ದಿ, ನನ್ನ ಲೆನ್ಸಿನ ನಟ್ಟನಡುವೆ ಒಂದು ದೃಷ್ಟಿಬೊಟ್ಟು ಇಟ್ಟುಬಿಟ್ಟರು. ಇಟ್ಟು, ಗಟ್ಟಿಯಾಗಿ ಕೂರಲಿ ಎಂದು ಒಮ್ಮೆ ತಿರುವಿದರು.

“ಈಗ ಎಷ್ಟು ಬೇಕಾರ ತೆಗೀರಿ” ಎಂದರು. ಊರಿನವರೆಲ್ಲ ನಿಟ್ಟುಸಿರು ಬಿಟ್ಟು ಮುಗುಳ್ನಕ್ಕರು. ಶೇಂಗಾ ಚೀಲದ ಮೇಲಿನ ಟವೆಲ್ ಕೂಡ ಹೆಗಲಿಗೆ ಹೋಯಿತು.

ಲೆನ್ಸಿನ ಮೇಲಿನ ಸಣ್ಣ ಚುಕ್ಕೆ ಚಿತ್ರದಲ್ಲಿ ಕಾಣುವುದಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ಆ ಪುಸ್ತಕ ಬರೆದವರು ದೊಡ್ಡವ್ವನ ಹೆಬ್ಬೆರಳನ್ನು ನೋಡಿಲ್ಲ. ನಾನು ಕ್ಯಾಮೆರಾದೊಳಗೆ ಇಣುಕಿದೆ. ನಾಲ್ಕೂ ಅಂಚಿನಲ್ಲಿ ಸ್ವಲ್ಪ ಸ್ವಲ್ಪ ಲೋಕ, ನಡುವೆ ಅಮಾವಾಸ್ಯೆ. ಅಷ್ಟರಲ್ಲಿ ಮರುಳಪ್ಪ ಹ್ಯಾಂಡಲ್ ತಿರುಗಿಸಿದ. ಸವತಿ ಒಮ್ಮೆ ಕೆಮ್ಮಿದಳು, ಎರಡು ಸಲ ಸೀನಿದಳು, ಆಮೇಲೆ ಟುಕ್ ಟುಕ್ ಟುಕ್ ಎಂದು ಹಿಡಿದ ತಾಳಕ್ಕೆ ಮೈಯೆಲ್ಲ ಕುಣಿಯತೊಡಗಿದಳು. ಭಾರದ ಚಕ್ರಗಳು ತಿರುಗಿದವು, ಬೆಲ್ಟು ಅಲೆಯಾಡಿತು, ಮೇಲಿನಿಂದ ಸುರಿದ ಶೇಂಗಾ ಕೆಂಪು ಕೆಂಪು ಕಾಳಾಗಿ ಕೆಳಗಿಳಿಯಿತು, ಹಿಂದಿನಿಂದ ಸಿಪ್ಪೆ ಹಾರಿ ಬಿಸಿಲಿನಲ್ಲಿ ಮಿಂಚಿತು. ಅಷ್ಟು ಚಂದದ ಯಂತ್ರವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಅದನ್ನು ಬರಿಗಣ್ಣಿನಿಂದ ನೋಡಬಹುದಿತ್ತು, ಕ್ಯಾಮೆರಾದಲ್ಲಿ ಮಾತ್ರ ಆಗುತ್ತಿರಲಿಲ್ಲ. ನನಗೆ ಅಳುವೇ ಬಂತು.

ಮನುಷ್ಯನಿಗೆ ಆಸೆ ಎಂಬುದು ಕೆಟ್ಟದ್ದು. ನಾನು ಮೂತ್ರವಿಸರ್ಜನೆಗೆ ಹೋಗುವವನಂತೆ ಬಣವೆಯ ಹಿಂದೆ ಹೋದೆ. ಅಂಗಿಯ ತುದಿಯಿಂದ ಲೆನ್ಸನ್ನು ಒರೆಸಿದೆ. ಹರಳೆಣ್ಣೆ ಕಾಡಿಗೆ ಸುಲಭಕ್ಕೆ ಹೋಗುವ ಜಾತಿಯದಲ್ಲ. ಎಂಜಲು ಹಚ್ಚಿ ಉಜ್ಜಿದೆ, ಬನಿಯನ್ನಿನಿಂದ ತಿಕ್ಕಿದೆ. ಅಂತೂ ಲೆನ್ಸು ಫಳಫಳ ಎಂದಿತು. ಬಣವೆಯ ಮರೆಯಿಂದಲೇ ಕ್ಯಾಮೆರಾ ಎತ್ತಿ ಶೆಡ್ಡಿನ ಕಡೆ ಹಿಡಿದೆ. ಸವತಿ ಚೌಕಟ್ಟಿನ ತುಂಬ ಬಂದು ಕುಳಿತಳು. ಬೆರಳು ಬಟನ್ನಿಗೆ ಇಟ್ಟೆ. ಇನ್ನೂ ಒತ್ತಿಲ್ಲ, ಫಟಾರ್ ಎಂದು ಸದ್ದಾಯಿತು. ಬೆಲ್ಟು ಕಳಚಿ, ಹಾವಿನಂತೆ ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ಮರುಳಪ್ಪನ ತಲೆಯ ಮೇಲಿನ ಟವೆಲನ್ನು ಹಾರಿಸಿಕೊಂಡು ಹೋಗಿ ಸಿಪ್ಪೆಯ ರಾಶಿಯಲ್ಲಿ ಬಿತ್ತು.

ಬೆಲ್ಟು ಯಾಕೆ ಕಳಚುತ್ತದೆ ಎನ್ನುವುದು ನನಗೆ ಗೊತ್ತು. ಬಿಸಿಲಿಗೆ ಸಡಿಲಾಗುತ್ತದೆ, ಒಮ್ಮೆಲೇ ಹೆಚ್ಚು ಶೇಂಗಾ ಸುರಿದರೆ ಜಾರುತ್ತದೆ. ಘರ್ಷಣೆಯ ಪಾಠದಲ್ಲಿ ಇದರ ಮೇಲೆ ಲೆಕ್ಕವನ್ನೇ ಕೊಡುತ್ತೇನೆ. ಆದರೆ ಅಂಗಳದ ಜನವೆಲ್ಲ ಏಕಕಾಲಕ್ಕೆ ಬಣವೆಯ ಕಡೆ ತಿರುಗಿ, ಅದರ ಹಿಂದಿನಿಂದ ಇಣುಕಿದ ನನ್ನ ಅರ್ಧ ಮುಖವನ್ನು, ಆಮೇಲೆ ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದ ಲೆನ್ಸನ್ನು, ಆಮೇಲೆ ಮಸಿಯಾದ ನನ್ನ ಬನಿಯನ್ನನ್ನು ನೋಡಿದಾಗ, ಆ ಲೆಕ್ಕ ನನ್ನ ಬಾಯಿಗೆ ಬರಲಿಲ್ಲ. ಗಿರಿಜಾ ತಲೆಯ ಮೇಲೆ ಸೆರಗು ಎಳೆದುಕೊಂಡು ಇನ್ನೊಂದು ಕಡೆ ತಿರುಗಿದಳು. ಅವಳನ್ನು ನನಗೆ ಮದುವೆ ಮಾಡಿಕೊಟ್ಟದ್ದೇ ಇಲ್ಲವೇನೋ ಅನ್ನುವ ಹಾಗೆ. ದೊಡ್ಡವ್ವ ನಡೆದು ಬಂದರು. ಬೈಯಲಿಲ್ಲ, ಅಳಿಯನಲ್ಲವೇ. ಸುಮ್ಮನೆ ಕಾಡಿಗೆ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು.

“ನಿಮ್ಮ ಕೈಲೇ ಹಚ್ರಿ ಅಳಿಯಾರ. ನಾ ಹಚ್ಚಿದ್ದು ನಿಮಗ ಸೇರಲಿಲ್ಲ ಅನಸ್ತದ.”

ನಾನು ಹಚ್ಚಿದೆ. ಎಂ.ಎಸ್ಸಿ. ಓದಿದ ಹೆಬ್ಬೆರಳಿನಿಂದ, ನಟ್ಟನಡುವೆ, ಗಟ್ಟಿಯಾಗಿ ಕೂರಲಿ ಎಂದು ಒಮ್ಮೆ ತಿರುವಿ. ಬೆಲ್ಟು ಏರಿಸಿದರು, ಹ್ಯಾಂಡಲ್ ತಿರುಗಿಸಿದರು. ಸವತಿ ಈ ಸಲ ಕೆಮ್ಮಲೂ ಇಲ್ಲ. ಸಂಜೆ ಹೊತ್ತು ಮುಳುಗುವ ತನಕ, ಊರಿನ ಕಟ್ಟಕಡೆಯ ಚೀಲವನ್ನು ಸುಲಿದು ಹಾಕುವವರೆಗೆ ನಿಲ್ಲದೆ ಓಡಿದಳು. ನಾನೂ ನಿಲ್ಲದೆ ಬಟನ್ ಒತ್ತುತ್ತ ಅಮಾವಾಸ್ಯೆಯ ಫೋಟೋ ತೆಗೆದೆ.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಎಲ್ಲದರಲ್ಲೂ ಅದೇ. ಒಂದು ಕಡೆಯಿಂದ ಬೆಲ್ಟು ಬಂದು ಕಪ್ಪಿನೊಳಗೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಸಿಪ್ಪೆ ಹಾರಿ ಹೊರಗೆ ಬರುತ್ತದೆ, ನಡುವೆ ದಟ್ಟವಾದ ಹೊಗೆಯಂಥ ಮೋಡ. ಮೂಲೆಯಲ್ಲಿ ಗಿರಿಜಾ ಮುಖ ತಿರುಗಿಸಿಕೊಂಡು ನಿಂತಿರುವುದು ಮಾತ್ರ ಸ್ಪಷ್ಟವಾಗಿ ಬಂದಿತ್ತು. ಅವುಗಳಲ್ಲಿ ಒಂದನ್ನು ನಾಚಿಕೆ ಬಿಟ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ದೊಡ್ಡವ್ವನಿಗೆ ಕೊಟ್ಟು ಕ್ಷಮೆ ಕೇಳೋಣ ಎಂದು ಹೋದೆ. ಅವರು ಕನ್ನಡಕ ಹಾಕಿ ತುಂಬಾ ಹೊತ್ತು ನೋಡಿದರು.

“ಇದರಾಗ ಆಕಿ ಎಲ್ಲದಾಳ?”

“ಇದೇ ದೊಡ್ಡವ್ವ... ಈ ಕಪ್ಪಿನ ಹಿಂದೆ.”

ದೊಡ್ಡವ್ವನ ಮುಖ ಅರಳಿತು. “ಭೇಷ್ ಆತು ಬಿಡ್ರಿ. ಗೋಡಿ ಮ್ಯಾಲ ಹಾಕಿದ್ರ ಬಂದೋರು ಹೋದೋರು ನೋಡ್ತಾರ, ದಿಷ್ಟಿ ಆಗತೈತಿ ಅಂತ ನನಗ ಚಿಂತಿ ಇತ್ತು. ಈಗ ಯಾರ ಕಣ್ಣಿಗೂ ಬೀಳಂಗಿಲ್ಲ ನನ್ನ ಸವತಿ” ಎಂದು ಅದನ್ನು ದೊಡ್ಡಪ್ಪನ ಪಕ್ಕಕ್ಕೇ ಮೊಳೆ ಹೊಡೆಸಿ ಹಾಕಿಸಿದರು. ವಿಭೂತಿ ಧರಿಸಿದ ದೊಡ್ಡಪ್ಪ, ಅವರ ಪಕ್ಕದಲ್ಲಿ ಒಂದು ಕಪ್ಪು ಮೋಡ. ದೊಡ್ಡಪ್ಪ ಆ ಮೋಡದ ಕಡೆಗೇ ನೋಡುತ್ತಿರುವ ಹಾಗಿತ್ತು. ನನಗೇಕೋ ಅದನ್ನು ಕಂಡು ತುಂಬಾ ಸಂತೋಷವಾಯಿತು, ಫೋಟೋ ಕೆಟ್ಟ ದುಃಖವೇ ಮರೆತುಹೋಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಕಾಡಿಗೆಯನ್ನು ಮರೆತುಬಿಡುತ್ತಿದ್ದೆ. ಶೇಂಗಾ ಬಿತ್ತನೆ ಮುಗಿದ ಮೇಲೆ ಮರುಳಪ್ಪ ಹರಪನಹಳ್ಳಿಯ ಗುಜರಿಯವನಿಗೆ ಫೋನ್ ಮಾಡಿದನಂತೆ. ಅಷ್ಟು ದೂರ ಗಾಡಿ ತರುವ ಮೊದಲು ಒಂದು ಫೋಟೋ ಕಳಿಸಿ ಎಂದನಂತೆ ಅವನು. ಶೆಡ್ಡಿನ ಕೀಲಿ ದೊಡ್ಡವ್ವನ ಸೊಂಟದಲ್ಲಿ. ಕೇಳುವ ಧೈರ್ಯ ಮರುಳಪ್ಪನಿಗಿಲ್ಲ. ಗೋಡೆಯ ಮೇಲೆ ಹೇಗೂ ಫೋಟೋ ಇದೆಯಲ್ಲ ಎಂದು ಅದನ್ನೇ ಮೊಬೈಲಿನಲ್ಲಿ ತೆಗೆದು ಕಳಿಸಿದ. ಗುಜರಿಯವನು ತಕ್ಷಣ ಫೋನ್ ಮಾಡಿ, “ಏನಣ್ಣ ಇದು, ಇಂಜಿನ್ನಿಗೆ ಬೆಂಕಿ ಬಿದ್ದಿರೋ ಫೋಟೋ ಕಳ್ಸೀಯಲ್ಲ! ಸುಟ್ಟು ಕರಕಲಾಗಿರೋದು ನಂಗೆ ಬ್ಯಾಡ. ಮೊದ್ಲು ನೀರು ಹಾಕಿ ಆರಿಸ್ಕೊಳ್ಳಿ” ಎಂದು ಇಟ್ಟುಬಿಟ್ಟ. ಮರುಳಪ್ಪನಿಗೆ ಮತ್ತೊಬ್ಬ ಗುಜರಿಯವನನ್ನು ಹುಡುಕುವಷ್ಟು ಚೈತನ್ಯ ದೇವರು ಕೊಟ್ಟಿಲ್ಲ. ಸವತಿ ಉಳಿದಳು. ಈಗಲೂ ಆ ಶೆಡ್ಡಿನಲ್ಲೇ ಇದ್ದಾಳೆ, ಮೃಗಶಿರ ಮಳೆ ಬಿದ್ದಾಗ ಟುಕ್ ಟುಕ್ ಎನ್ನುತ್ತಾಳೆ. “ನನ್ನ ಬೊಟ್ಟು ಕಾಯ್ತು ನೋಡ್ರಿ ಆಕಿನ್ನ” ಎಂದು ದೊಡ್ಡವ್ವ ಊರೆಲ್ಲ ಹೇಳಿದರು. ಲೆಕ್ಕ ಹಾಕಿ ನೋಡಿದರೆ ಬೊಟ್ಟೇ ಕಾಯ್ದಿತ್ತು.

ಈ ಸುದ್ದಿಯೂ ಸಂತೆಗೆ ಹೋಯಿತು. ಈಗ ನನಗೆ ಐದೂ ತಾಲ್ಲೂಕುಗಳಿಂದ ಕರೆ ಬರುತ್ತದೆ, ಅದೂ ಸ್ವಂತ ಯಂತ್ರಗಳಿಗೇ. “ಸರ, ನಮ್ಮ ಮಿಷನ್ನಿಗೂ ಒಂದು ಕಪ್ಪು ಹಚ್ಚಿದ ಫೋಟೋ ತೆಗೀರಿ, ಮೂರು ವರ್ಷ ಓಡಿದ್ರ ಸಾಕು” ಎನ್ನುತ್ತಾರೆ. ಹಂಪಸಾಗರದವರು ಕ್ಷಮಿಸಿದ್ದಾರೆ. ಮೈಲಾರದವರು ಈಗ ನನ್ನನ್ನು ಯಂತ್ರಕ್ಕೆ ಎದುರಾಗಿ ಕೂರಿಸಿ ಊಟ ಹಾಕುತ್ತಾರೆ. ಈ ಸೀಮೆಯ ಅಪರೂಪದ ಯಂತ್ರಗಳೆಲ್ಲವೂ ಈಗ ನನ್ನ ಸಂಗ್ರಹದಲ್ಲಿವೆ. ಒಂದೂ ಕಾಣುವುದಿಲ್ಲ. ಎಲ್ಲವೂ ಓಡುತ್ತಿವೆ.

ಮೊನ್ನೆ ನನ್ನ ಹುಟ್ಟುಹಬ್ಬಕ್ಕೆ ಗಿರಿಜಾ ಹೊಸ ಅಂಗಿ ತಂದಿದ್ದಳು. ಹಾಕಿಕೊಂಡು ಬಾಗಿಲಲ್ಲಿ ನಿಂತರೆ ಅವಳೇ ನನ್ನ ಕ್ಯಾಮೆರಾ ಎತ್ತಿಕೊಂಡು, “ಚಲೋ ಕಾಣ್ತೀರಿ, ನಿಲ್ರಿ, ಒಂದು ಫೋಟೋ ತೆಗೀತೀನಿ” ಎಂದಳು. ಲೆನ್ಸು ಅವತ್ತು ಸ್ವಚ್ಛವಾಗಿ ಹೊಳೆಯುತ್ತಿತ್ತು. ನನಗೆ ನನ್ನ ಮೊಣಕಾಲು ನೆನಪಾಯಿತು, ಮೆಟ್ಟಿಲೇರುವಾಗ ಅದು ಮಾಡುವ ಸದ್ದು ನೆನಪಾಯಿತು, ಹೋದ ತಿಂಗಳು ಡಾಕ್ಟರು ನನ್ನ ಬಿ.ಪಿ. ನೋಡಿ ತುಟಿ ಕಚ್ಚಿದ್ದು ನೆನಪಾಯಿತು. ಹಳೆಯದು ಎಂದರೆ ಇಂದೋ ನಾಳೆಯೋ ಕೆಡುವಂಥದ್ದು ಎಂದು ಸಿದ್ಧಾಂತ ಮಾಡಿದವನೂ ನಾನೇ. ದೃಷ್ಟಿ ಎಂಬುದೆಲ್ಲ ಸುಳ್ಳು, ಬೆಳಕು ಹೊರಗಿನಿಂದ ಒಳಗೆ ಬರುತ್ತದೆ, ಇದರಲ್ಲಿ ನನಗೆ ಈಗಲೂ ಲವಲೇಶ ಅನುಮಾನವಿಲ್ಲ.

“ಒಂದು ನಿಮಿಷ ತಡಿ” ಎಂದು ಹೇಳಿ, ಕಾಡಿಗೆ ಡಬ್ಬಿ ತರಲು ಒಳಗೆ ಹೋದೆ.